ನಮ್ಮೂರಿಗೇ ಒಂದು ಜಲಮಂಡಳಿ?

ಗೋವಾದ ಕೊರ್ತಾಲಿಮ್‌ನ ಸಹೋದರಿಯವರೇ, ನಲ್ಲಿ ಒಣಗಿದಾಗ ನಮ್ಮದೇ ಜಲಮಂಡಳಿ ಬೇಕೆನಿಸುವುದು ಸಹಜ. ಆದರೆ ಗ್ರಾಮಸಭೆಯ ನಿರ್ಣಯದಿಂದ ಅದು ಹುಟ್ಟದು; ಬೆಂಗಳೂರಿನ ಮಂಡಳಿಗೆ 1964ರಲ್ಲಿ ವಿಧಾನಮಂಡಲದ ಕಾಯ್ದೆಯೇ ಬೇಕಾಯಿತು. ಮೇಲಾಗಿ ನಿಮ್ಮ ಭಾಗಕ್ಕೆ ನೀರು ಬರುವುದು ಸಾಂಗೆ ತಾಲ್ಲೂಕಿನ ಸಾಳಾವಲಿ ಅಣೆಕಟ್ಟಿನಿಂದ. ದಕ್ಷಿಣ ಗೋವಾದ ಅನೇಕ ಊರುಗಳು ಕುಡಿಯುವ ಆ ಮೂಲವನ್ನು ಒಂದೇ ಊರು ತನ್ನ ಕೈಗೆ ತೆಗೆದುಕೊಳ್ಳಲಾಗದು.

ನಿಮ್ಮ ಕೈಗೆ ಎಟಕುವುದು ಗ್ರಾಮ ನೀರು ಸಮಿತಿ. 2022ರಲ್ಲಿ ಗೋವಾ ‘ಹರ್ ಘರ್ ಜಲ್’ (ಮನೆಮನೆಗೆ ನೀರು) ಪ್ರಮಾಣಪತ್ರ ಪಡೆದ ಮೊದಲ ರಾಜ್ಯವಾದಾಗಲೇ ಹಳ್ಳಿಹಳ್ಳಿಗೂ ಇದು ರಚನೆಯಾಗಿದೆ. ಜಲ ಜೀವನ ಮಿಷನ್ ನಿಯಮದಂತೆ 10ರಿಂದ 15 ಸದಸ್ಯರು, ಅರ್ಧದಷ್ಟು ಮಹಿಳೆಯರು. ಊರೊಳಗಿನ ನಿರ್ವಹಣೆ ಅದರ ಹೊಣೆ.

ಅಲ್ಲಿನ ಮತದಾರರಾಗಿದ್ದರೆ ಗ್ರಾಮಸಭೆಯಲ್ಲಿ ಮಾತಾಡುವುದು ನಿಮ್ಮ ಹಕ್ಕು. ಕನ್ನಡದವರೆಂದು ಹಿಂಜರಿಯಬೇಡಿ. ನೀರು ಬಂದ ದಿನ, ಹೊತ್ತು ಬರೆದಿಟ್ಟು, ನೆರೆಯವರ ಸಹಿಯೊಡನೆ ಮುಂದಿನ ಸಭೆಯಲ್ಲೇ ಮಂಡಿಸಿ.