ಬ್ಲೇಡ್ ಇಳಿಸೂ ಮುಂದ

ತಮ್ಮಾ, ಮಿನಿ ಟ್ರ್ಯಾಕ್ಟರಿಗೆ ಮುಂದ ಬ್ಲೇಡ್ ಕೂಡಿಸೀದಿ ಅಂತ ನಿಮ್ಮವ್ವ ಹೇಳಿದ್ಲು. ಛಲೋ ಮಾಡೀದಿ. ಕೆನಡಾದಾಗಿರೂ ನಿಮ್ಮ ಸಣ್ಣವ್ವನ ಮಗ ಕಳಿಸಿದ ವಿಡಿಯೊ ನಾನೂ ನೋಡೇನಿ. ಸಣ್ಣ ಗಾಡಿಗೆ ಇಂಥಾದ ಬ್ಲೇಡ್ ಕಟ್ಟಿ ಮನಿ ಮುಂದಿನ ಹಿಮಾ ಬಾಜೂಕ ಸರಸತಾನ. ಅದನ್ನ ನೋಡೇ ನಿನಗೂ ಹುಕಿ ಬಂದಿರಬೇಕು. ಆದ್ರ ಆಗಷ್ಟ ಬಿದ್ದ ಹಿಮಾ ಒಂದು ಘನ ಮೀಟರಿಗೆ 100 ಕಿಲೋ ಆಸುಪಾಸು ತೂಗತೈತಿ. ನೀ ಸರಸಬೇಕಾದ್ದು ನೆರಿ ಇಳಿದ ಮ್ಯಾಲ ಹೊಳಿ ಬಿಟ್ಟುಹೋದ ಹಸಿ ರಾಡಿ, ಅದು 1,500 ಕಿಲೋಕ್ಕೂ ಮಿಕ್ಕಿ. ಹಿಮಾ ಬ್ಯಾಸಿಗಿಗೆ ತಾನ ಕರಗತೈತಿ. ರಾಡಿ ನೀ ಎಲ್ಲಿ ಒಟ್ಟತಿ ಅಲ್ಲೇ ಕೂಡತೈತಿ.

ನಮ್ಮ ಕೆರೂರ ಹೊಳಿ ದಂಡಿಗಿಲ್ಲ. ಆದ್ರ ನಮ್ಮ ಬೀಗರು ಬಿಜ್ಜರು ಅರ್ಧಕ್ಕರ್ಧ ಮಲಪ್ರಭಾ ದಂಡಿ ಹಳ್ಳಿಯೊಳಗ ಅದಾರ. 2009ರ ಸೆಪ್ಟೆಂಬರ್ ಕಡೀಗೆ ಮಳಿ ಹಿಡಕೊಂಡಾಗ, ಮತ್ತ 2019ರ ಆಗಸ್ಟ್‌ನ್ಯಾಗ ನವಿಲುತೀರ್ಥ ಡ್ಯಾಮ್ ತುಂಬಿ ನೀರು ಬಿಟ್ಟಾಗ, ಎರಡೂ ಸಲ ಅವರ ನೆರವಿಗೆ ಓಡಿದವರು ನಾವ. ಪಟ್ಟದಕಲ್ಲಿನ ಗುಡಿ ಸುತ್ತ ನೀರು ನಿಂತ ಫೋಟೊ ಊರೆಲ್ಲಾ ನೋಡ್ತು. ನೀರು ಇಳಿದ ಮ್ಯಾಲ ಪಡಸಾಲಿಯೊಳಗ ಮೊಣಕಾಲಮಟ ಉಳಿದ ರಾಡಿ ನೋಡಿದವರು ಕಡಿಮಿ. ಜೆಸಿಬಿ ದೊಡ್ಡ ಓಣಿಗೆ ಬರತೈತಿ, ಸಂದಿಗೆ ಹಾಯೂದಿಲ್ಲ. ಅಲ್ಲಿ ನಿನ್ನಂಥವರ ಗಾಡೀನ ಬೇಕು. ಅದಕ್ಕ ಇಷ್ಟು ಹೇಳಾಕ ಕುಂತೇನಿ.

ಗಾಡಿ ಚಾಲೂ ಮಾಡೂಕಿಂತ ಮೊದಲ ಕೆಳಗ ಇಳಿದು ನಡಿ. ಈ ಮಾತು ನಾ ಪೆಟ್ಟು ತಿಂದು ಕಲತದ್ದು. 2009ರಾಗ ಬೀಗರ ಮನಿ ಅಂಗಳದಾಗ ಟ್ರ್ಯಾಕ್ಟರ್ ತಗೊಂಡು ಒಮ್ಮೆಲೆ ನುಗ್ಗಿದೆ. ಸರಳ ರಾಡಿ ಕಂಡಿತ್ತು, ಮಟ್ಟಸ. ಹಿಂದಿನ ಎಡಗಾಲಿ ಧಸಕ್ಕಂತ ಇಳೀತು. ಹಗೇವು! ಜ್ವಾಳ ತುಂಬಿಡೂ ನೆಲದೊಳಗಿನ ಕುಣಿ, ಅವರ ಮುತ್ಯಾನ ಕಾಲದ್ದು, ಬಾಯಿ ಮ್ಯಾಲ ಕಲ್ಲು ಮುಚ್ಚಿ ಮಣ್ಣು ಹಾಕಿದ್ರು. ಎಂಟು ದಿನದ ನೀರಿಗೆ ಅಂಚು ನೆನೆದು ಕುಸಿದಿತ್ತು. ಗಾಡಿ ಹೊರಳಲಿಲ್ಲ, ಅದು ನನ್ನ ಪುಣ್ಯ. ಅದಕ್ಕೂ ದೊಡ್ಡ ಪುಣ್ಯ ಅಂದ್ರ, ಗಾಲಿ ನೋಡಾಕ ಒಳಗ ಇಳಿಯಾಕ ಹೊಂಟ ಹುಡುಗನ್ನ ಆ ಮನಿ ಅಮ್ಮ ರಟ್ಟಿ ಹಿಡಿದು ಜಗ್ಗಿದ್ಲು. ನೀರು ಹೊಕ್ಕ ಹಗೇವಿನ್ಯಾಗ ಜ್ವಾಳ ಕೊಳೀತೈತಿ, ಗಾಳಿ ಕೆಡತೈತಿ. ಅಂಥಾದರೊಳಗ ಇಳಿದವ ಕೂಗಾಕೂ ಪುರಸೊತ್ತಿಲ್ದ ಬೀಳತಾನ, ಅವನ್ನ ಎತ್ತಾಕ ಇಳಿದವನೂ ಅಲ್ಲೇ ಬೀಳತಾನ. ಎಂಥಾ ಅವಸರ ಇದ್ರೂ ಹಗೇವಿಗೆ ಇಳೀಬ್ಯಾಡ, ಯಾರನ್ನೂ ಇಳಿಸಬ್ಯಾಡ.

ಹಂಗಾಗಿ ಮನಿಯೊಳಗ ಎಲ್ಲಾರಕಿಂತ ಹಿರೇ ಹೆಣಮಗಳು ಯಾರು ಕೇಳು. ಹಗೇವು ಎಲ್ಲೈತಿ, ತುಳಸಿಕಟ್ಟಿ ಎಲ್ಲೈತಿ, ಒಳಕಲ್ಲು ಎಲ್ಲಿ ಹುಗಿದೈತಿ, ನಳದ ಪೈಪು ಎಲ್ಲಿ ಹಾದೈತಿ, ಆಕಿಗೆ ಕಣ್ಣು ಮುಚ್ಚಿದ್ರೂ ಗೊತ್ತು. ಗಂಡಸರು ಅಂದಾಜು ಹೇಳತಾರ. ಆಕಿ ತೋರಿಸಿದಲ್ಲಿ ಹಾರಿ ಹಾಕಿ ನೋಡು, ಕಟಗಿ ನಿಲ್ಲಿಸಿ ಮ್ಯಾಲ ಅರಿವಿ ಕಟ್ಟು. ತಲಿ ಮ್ಯಾಲಿನ ಕರೆಂಟಿನ ವಾಯರೂ ನೋಡು. ಜೋತುಬಿದ್ದಿದ್ರ ಲೈನ್‌ಮನ್ ಬರೂತನಕ ಗಾಡಿ ಮುಟ್ಟಬ್ಯಾಡ.

ಎರಿ ಮಣ್ಣಿಗೆ ಒಂದು ಹದ ಐತಿ. ನೀರು ಇಳಿದ ದಿನಾನ ಹೋದ್ರ ಗಾಲಿ ಅಲ್ಲೇ ತಿರಗತಾವ, ಬ್ಲೇಡಿಗೆ ಮೆತ್ತಿ ಹಿಟ್ಟಿನಂಗ ಉಂಡಿ ಕಟ್ಟತೈತಿ. ಬಿರುಕು ಬಿಡೂತನಕ ಬಿಟ್ರ ಕಲ್ಲಾಗತೈತಿ, ಬ್ಲೇಡು ಜಾರತೈತಿ. ಸಲಿಕಿ ಹಾಕಿದ್ರ ಬೆಣ್ಣಿ ಕೊಯ್ದಂಗ ತುಂಡು ಬರಬೇಕು, ಅದ ಹೊತ್ತು. ಒಂದ ಸಲಕ್ಕ ಎಲ್ಲಾ ನೂಕೂ ಆಸೆ ಬಿಡು. ನಾಕು ಬೆರಳು ದಪ್ಪ ತಗಿ, ಲೋ ಗೇರ್‌ನ್ಯಾಗ, ಬ್ಲೇಡ್ ಸ್ವಲ್ಪ ಓರೆ ಇಟ್ಟು. ಹಿಂದ ಎರಡು ಚೀಲ ಉಸುಕು ಬಿಗದ್ರ ಗಾಲಿ ನೆಲಾ ಹಿಡೀತಾವ. ಹೊಸ್ತಿಲದಿಂದ ಒಂದು ಮಾರು ದೂರ ಇದ್ದಂಗನ ನಿಲ್ಲು. ಅಲ್ಲಿಂದ ಮುಂದ ಸಲಿಕಿ ಕೆಲಸ. ಹಿಂದಕ್ಕ ಬರೂ ಮುಂದ ಇಳಿದು ನೋಡಿ ಬಾ, ಹುಡುಗೂರು ಟ್ರ್ಯಾಕ್ಟರ್ ಸಪ್ಪಳಕ್ಕ ಓಡಿ ಬರತಾವ.

ರಾಡಿ ಎಲ್ಲಿ ಒಟ್ಟಬೇಕು ಅನ್ನೂದು ಮೊದಲ ಠರಾಯಿಸು. ಗಟಾರಕ್ಕ ನೂಕಿದ್ರ ನಾಳಿನ ಮಳಿ ನೀರು ಅದ ಮನಿಗೆ ತಿರುಗಿ ಬರತೈತಿ. ಬಾಜೂ ಮನಿ ಬಾಗಿಲಿಗೆ ನೂಕಿದ್ರ ಎರಡು ಮನಿ ನಡುವ ಮೂರು ತಲಿಮಾರಿನ ಜಗಳ ಹಚ್ಚಿ ಬಂದಂಗ. ಟ್ರೇಲರ್ ತುಂಬಿ ಊರ ಹೊರಗ ಒಯ್ಯಿ. ಹೊಳಿ ಮೆಕ್ಕಲು ಹೊಲಕ್ಕ ಛಲೋ ಖರೆ, ಆದ್ರ ಮನಿ ಅಂಗಳದ ರಾಡಿಯೊಳಗ ಗಾಜು, ತಗಡು, ಮೊಳಿ ಇರತಾವ. ಎತ್ತಿನ ಕಾಲಿಗೆ ಹೊಕ್ಕಾವು.

ಬಾಡಗಿ ಮಾತು. ಬಿತ್ತಗಿ ಹಂಗಾಮಿನ್ಯಾಗ ಏನು ತಾಸಿನ ರೇಟು ತಗೋತಿ ಅದನ್ನ ತಗೊ. ನೆರಿ ಬಂದೈತಿ ಅಂತ ಏರಿಸಬ್ಯಾಡ. ಇದರಾಗ ನನ್ನದು ಎರಡು ಮಾತಿಲ್ಲ. ರೊಕ್ಕ ಇಲ್ಲಂದವರ ಹೆಸರು ಬರಕೊಂಡು ಸುಗ್ಗೀಗೆ ಕೇಳು.

ಹೋಗೂ ಮುಂದ ನಾಕು ಖಾಲಿ ಬುಟ್ಟಿ ಒಯ್ಯಿ. ಬ್ಲೇಡಿನ ಮುಂದ ಯಾರನ್ನೂ ನಡಿಸಬ್ಯಾಡ, ನೀನ ಆಗಾಗ ಗಾಡಿ ನಿಲ್ಲಿಸಿ ಗುಂಪಿ ಕೆದರಿ ನೋಡು. ಹಿತ್ತಾಳಿ ತಂಬಗಿ, ಬೀಸೂಕಲ್ಲಿನ ಗೂಟ, ಪಾಟಿಚೀಲ, ಯಾರದೋ ಮದವಿ ಫೋಟೊ, ಏನು ಸಿಗತೈತಿ ಅದನ್ನ ತೊಳೆದು ಬುಟ್ಟಿಯೊಳಗ ಹಾಕಿ ಕಟ್ಟಿ ಮ್ಯಾಲ ಇಡು. ಸಂಜೀಕ ಬಂದು ಅವರವರದು ಗುರುತು ಹಿಡಿದು ಒಯ್ತಾರ.