ಬಸುರಿನಲ್ಲಿ ಜ್ವರವೂ ಬಿಸಿಲ ಬೇಗೆಯೂ

ಬೆಳಕವಾಡಿಯ ಸುತ್ತಿನ ಊರುಗಳಲ್ಲಿ ಸೊಸೆಯು ಬಸುರಾದಳೆಂದು ತಿಳಿದ ಕೂಡಲೆ ಹಿರಿಯರು ಹೇಳುವ ಮೊದಲ ಬುದ್ಧಿಮಾತು ಉಷ್ಣದ ವಿಷಯವಾಗಿರುವದು. ಎಳ್ಳು ಉಷ್ಣ, ಬೆಲ್ಲ ಉಷ್ಣ, ತಿನ್ನಬೇಡ ಎನ್ನುವರು. ಆದರೆ ಅದೇ ಸೊಸೆಯು ವೈಶಾಖದ ಬಿಸಿಲಿನಲ್ಲಿ ಮಧ್ಯಾಹ್ನದ ವರೆಗೂ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದರೆ, ಇಲ್ಲವೆ ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆಯನ್ನು ನೂಕುತ್ತಿದ್ದರೆ, ಅದನ್ನು ಉಷ್ಣವೆಂದು ಯಾರೂ ಎಣಿಸುವದಿಲ್ಲ. ಎಳ್ಳುಂಡೆಯಿಂದ ತಾಯಿಯ ಮೈಯ ಕಾವು ಏರುವದಿಲ್ಲ. ಜ್ವರದಿಂದಲೂ ಬೇಗೆಯಿಂದಲೂ ಏರುತ್ತದೆ. ನಾವು ಅಂಜತಕ್ಕದ್ದು ಥರ್ಮಾಮೀಟರಿನಲ್ಲಿ ಕಾಣುವ ಈ ಕಾವಿಗೇ.

ಗರ್ಭದಲ್ಲಿರುವ ಕೂಸು ತಾಯಿಗಿಂತ ಸ್ವಲ್ಪ ಹೆಚ್ಚು ಬೆಚ್ಚಗಿರುವದು. ಬೆವರಿ ತಣ್ಣಗಾಗುವ ಉಪಾಯ ಅದಕ್ಕಿಲ್ಲ. ತನ್ನ ಕಾವನ್ನು ಹೆಚ್ಚಾಗಿ ಮಾಸಿನ ಮೂಲಕ ತಾಯಿಯ ರಕ್ತಕ್ಕೆ ಒಪ್ಪಿಸಬೇಕು. ತಾಯಿಯ ಮೈಯೇ ಕಾದಿರುವಾಗ ಆ ದಾರಿಯು ಕಟ್ಟಿದಂತಾಗುತ್ತದೆ.

ಇದರಲ್ಲಿ ಅತಿ ಸೂಕ್ಷ್ಮವಾದ ಕಾಲವು ಮೊದಲ ನಾಲ್ಕು ವಾರಗಳು. ಮಿದುಳೂ ಬೆನ್ನುಹುರಿಯೂ ಆಗತಕ್ಕ ಚಪ್ಪಟೆಯಾದ ಪಟ್ಟಿಯೊಂದು ಆಗ ಮಡಿಚಿಕೊಂಡು ಕೊಳವೆಯಾಗಿ, ಗರ್ಭಕಟ್ಟಿದ ಸುಮಾರು 28 ದಿವಸಗಳೊಳಗೆ ಮುಚ್ಚಿಕೊಳ್ಳುತ್ತದೆ. ಮೇಲ್ತುದಿಯು ಮುಚ್ಚದಿದ್ದರೆ ತಲೆಬುರುಡೆ ಬೆಳೆಯದೆ ಕೂಸು ಉಳಿಯುವದಿಲ್ಲ. ಕೆಳಗೆ ಮುಚ್ಚದಿದ್ದರೆ ಬೆನ್ನು ತೆರೆದು, ಕಾಲುಗಳಲ್ಲಿ ಶಕ್ತಿಯಿಲ್ಲದೆ ಹುಟ್ಟಬಹುದು. ಮುಟ್ಟು ತಪ್ಪಿ ಎರಡು ವಾರಗಳಾಗುವಷ್ಟರಲ್ಲಿ ಈ ಕೆಲಸವೆಲ್ಲಾ ಮುಗಿದಿರುತ್ತದೆ. ಬಸುರೆಂಬದು ಅನೇಕ ಸ್ತ್ರೀಯರಿಗೆ ಆಗ ಇನ್ನೂ ತಿಳಿದೇ ಇರುವದಿಲ್ಲ!

ಆಸ್ಟ್ರೇಲಿಯದ ಪಶುವೈದ್ಯರಾದ ಮಾರ್ಷಲ್ ಎಡ್ವರ್ಡ್ಸರು 1960ರ ದಶಕದಲ್ಲಿ ಗಬ್ಬದ ಗಿನಿಯಿಲಿಗಳನ್ನು ಕಾವಿನಲ್ಲಿಟ್ಟು, ಅವುಗಳ ಮರಿಗಳಲ್ಲಿ ಮಿದುಳು ಕುಗ್ಗಿದ್ದನ್ನು ಕಂಡರು. ಮನುಷ್ಯರ ವಿಷಯದಲ್ಲಿ ನಡೆದ ಅನೇಕ ಪರಿಶೀಲನೆಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಲಾಗಿ, ಮೊದಲ ವಾರಗಳಲ್ಲಿ ತಾಯಿಗೆ ಮೈಕಾವು ವಿಪರೀತವಾಗಿದ್ದರೆ ಈ ಊನದ ಸಂಭವವು ಸುಮಾರು ಇಮ್ಮಡಿಯಾಗುವದೆಂದು ತೋರಿತು. ಇಮ್ಮಡಿ ಎಂದು ಕೇಳಿ ಎದೆಗುಂದಬೇಡಿರಿ. ಸಾವಿರದಲ್ಲಿ ಒಂದು ಎರಡಾದರೂ ಇಮ್ಮಡಿಯೇ. ಜ್ವರ ಬಂದ ತಾಯಂದಿರಲ್ಲಿ ಬಹುತೇಕರು ಸರ್ವಾಂಗ ಸರಿಯಾದ ಮಕ್ಕಳನ್ನೇ ಹೆರುತ್ತಾರೆ. ಡೆನ್ಮಾರ್ಕಿನಲ್ಲಿ 24,000ಕ್ಕೂ ಹೆಚ್ಚು ಬಸುರುಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೊದಲ ತಿಂಗಳುಗಳ ಜ್ವರದಿಂದ ಗರ್ಭನಷ್ಟವು ಹೆಚ್ಚಿದಂತೆ ಕಾಣಲಿಲ್ಲ. ಆದಕಾರಣ ಊನವುಳ್ಳ ಕೂಸು ಹುಟ್ಟಿದ ಮನೆಯಲ್ಲಿ ಗ್ರಹಣವನ್ನು ನೋಡಿದಳೆಂದೋ ಜ್ವರವನ್ನು ಮುಚ್ಚಿಟ್ಟಳೆಂದೋ ತಾಯಿಯನ್ನು ದೂರುವದು ಕ್ರೂರತನವೇ ಸರಿ.

ಬಿಸಿಲಿನ ಕೆಲಸದ ಮಾತು ಬೇರೆ. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯವರು 2017ರಿಂದ ತಮಿಳುನಾಡಿನಲ್ಲಿ 800 ಮಂದಿ ಬಸುರಿಯರನ್ನು ಹಿಂಬಾಲಿಸಿ ನೋಡಿದರು. ಅವರಲ್ಲಿ ಸುಮಾರು ಅರ್ಧ ಮಂದಿ ಬಹಳ ಬೇಗೆಯಲ್ಲಿ ದುಡಿಯುವವರು. ಇವರಲ್ಲಿ ಗರ್ಭಸ್ರಾವವು ಇತರರಲ್ಲಿ ಇದ್ದುದಕ್ಕಿಂತ ಸುಮಾರು ಎರಡರಷ್ಟಿತ್ತು. ನಮ್ಮ ಸೀಮೆಯ ಗದ್ದೆಗಳ ಬಿಸಿಲು ಅಲ್ಲಿಯದಕ್ಕಿಂತ ಬಹಳ ಸೌಮ್ಯವೆಂದು ಹೇಳಲಾಗದು. ಬಸುರಿಯು ಬೆಳಗಿನ ತಂಪಿನಲ್ಲಿ ದುಡಿದು ಹತ್ತು ಗಂಟೆಯ ಹೊತ್ತಿಗೆ ನೆರಳಿಗೆ ಬರುವಂತೆಯೂ, ಕುಡಿಯುವ ನೀರು ಕೈಗೆ ಸಿಕ್ಕುವಂತೆಯೂ ಗಂಡನೂ ಅತ್ತೆಯೂ ಕೂಲಿಗೆ ಕರೆಯುವವರೂ ಏರ್ಪಾಟು ಮಾಡಬೇಕು. ಅವಳೊಬ್ಬಳೇ ಇದನ್ನು ಮಾಡಿಕೊಳ್ಳಲಾರಳು.

ಜ್ವರ ಬಂದರೆ ಕಂಬಳಿ ಹೊದಿಸಿ ಬೆವರಿಸುವ ಪದ್ಧತಿಯನ್ನು ಬಿಡತಕ್ಕದ್ದು. ತೆಳುವಾದ ಬಟ್ಟೆಯನ್ನು ಉಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರಸಿ, ಗಂಜಿ, ಮಜ್ಜಿಗೆ, ನೀರನ್ನು ಧಾರಾಳವಾಗಿ ಕೊಡಿರಿ; ಉಪವಾಸ ಹಾಕಬೇಡಿರಿ. ಬಸುರಿಯ ಜ್ವರಕ್ಕೆ ವೈದ್ಯರು ಸಾಮಾನ್ಯವಾಗಿ ಹೇಳುವದು ಪ್ಯಾರಸಿಟಮಾಲ್ ಮಾತ್ರೆಯನ್ನು. ಅದರ ಅಳತೆಯನ್ನು ಅವರಿಂದಲೇ ಕೇಳಿಕೊಳ್ಳಿರಿ. ಅಂಗಡಿಯ ಬೇರೆ ನೋವಿನ ಮಾತ್ರೆಗಳನ್ನು ತಾವಾಗಿ ನುಂಗಬಾರದು. ಕಾವು 102 ಡಿಗ್ರಿಯಾದರೆ ಬೆಳಗಾಗಲೆಂದು ಕಾಯಬೇಡಿರಿ. ಮಲೇರಿಯವೋ ಡೆಂಗಿಯೋ ಮೂತ್ರದ ನಂಜೋ ಎಂಬದು ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿದ ಹೊರತು ತಿಳಿಯದು; ಮಳವಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹೋಗಿರಿ, ಇಲ್ಲವೆ ಊರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ.

ಇನ್ನೊಂದುಂಟು. ಫೋಲಿಕ್ ಆಮ್ಲವೆಂಬ ಮಾತ್ರೆಯು ಈ ಕೊಳವೆಯು ಮುಚ್ಚುವದಕ್ಕೆ ಬಹಳ ಸಹಾಯಕ. ಊನವುಳ್ಳ ಕೂಸನ್ನು ಒಮ್ಮೆ ಹೆತ್ತ ತಾಯಂದಿರಿಗೆ ಇದನ್ನು ಕೊಟ್ಟಾಗ ಎರಡನೆಯ ಸಾರಿ ಹಾಗಾಗುವದು ನೂರಕ್ಕೆ 72ರಷ್ಟು ತಗ್ಗಿತೆಂದು ಬ್ರಿಟನ್ನಿನ ವೈದ್ಯರು 1991ರಲ್ಲಿ ತೋರಿಸಿದರು. ಆದರೆ ಬಸುರೆಂದು ತಿಳಿದ ಮೇಲೆ ಆರಂಭಿಸಿದರೆ ತಡವಾಗಬಹುದು. ಕೂಸು ಬೇಕೆಂದಿರುವಾಗಲೇ ದಿನಕ್ಕೆ 0.4 ಮಿಲಿಗ್ರಾಮಿನಂತೆ ತೆಗೆದುಕೊಳ್ಳಬೇಕು. ಹಿಂದೆ ಅಂಥ ಕೂಸನ್ನು ಹೆತ್ತವಳಿಗೆ ಇದರ ಹತ್ತರಷ್ಟು, ಅಂದರೆ 4 ಮಿಲಿಗ್ರಾಮ್ ಬೇಕಾಗುವದರಿಂದ, ಆಕೆಯು ಮುಂದಿನ ಬಸುರಿಗೆ ಮುಂಚೆಯೇ ವೈದ್ಯರನ್ನು ಕಂಡು ಚೀಟಿ ಬರೆಯಿಸಿಕೊಳ್ಳತಕ್ಕದ್ದು.