ಪಾದ ಅಚ್ಚಿನಲ್ಲಿ, ಕಾಲು ಅಳತೆಯಲ್ಲಿ: ಉತ್ಪನ್ನ ವಿನ್ಯಾಸದ ಒಂದು ಪಾಠ



ವಾಣಿಜ್ಯ ವಿಭಾಗದಲ್ಲಿರುವ ನಿಮ್ಮಲ್ಲಿ ಅನೇಕರು ಮುಂದೆ ಬಿ.ಕಾಂ. ಅಥವಾ ಬಿ.ಬಿ.ಎ.ಗೆ ಸೇರುವವರು. ಅಲ್ಲಿ ಕಾರ್ಯಾಚರಣೆ ನಿರ್ವಹಣೆ ಎಂಬ ವಿಷಯ ನಿಮಗೆ ಎದುರಾಗುತ್ತದೆ. ಅದರ ಪುಸ್ತಕ ತೆರೆದರೆ ಆರಂಭದ ಅಧ್ಯಾಯಗಳಲ್ಲೇ ಎರಡು ಶೀರ್ಷಿಕೆ ಕಾಣಿಸುತ್ತವೆ: ಉತ್ಪನ್ನ ವಿನ್ಯಾಸ ಮತ್ತು ಪ್ರಕ್ರಿಯೆಯ ಆಯ್ಕೆ. ಏನನ್ನು ತಯಾರಿಸಬೇಕು ಎಂದು ಮೊದಲನೆಯದು ಕೇಳುತ್ತದೆ, ಅದನ್ನು ಹೇಗೆ ತಯಾರಿಸಬೇಕು ಎಂದು ಎರಡನೆಯದು. ಪರೀಕ್ಷೆಯ ಅನುಕೂಲಕ್ಕಾಗಿ ಇವನ್ನು ಬೇರೆ ಬೇರೆಯಾಗಿ ಓದುತ್ತೇವೆ. ನಿಜವಾದ ಕೆಲಸದಲ್ಲಿ ಇವು ಹೇಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಎಂಬುದನ್ನು ಜೈಪುರ ಪಾದದ ಉದಾಹರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಪ್ರಕ್ರಿಯೆಗಳ ಬಗ್ಗೆ ನಾಲ್ಕು ಮಾತು. ಮದುವೆಗೆ ಶೇರ್ವಾನಿ ಹೊಲಿಸಲು ಟೈಲರ್ ಬಳಿ ಹೋದರೆ ಅವರು ಟೇಪು ಹಿಡಿದು ಭುಜ, ಎದೆ, ತೋಳು ಎಲ್ಲವನ್ನೂ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಿಮಗೆ ಹೊಲಿದದ್ದು ನಿಮ್ಮ ಅಣ್ಣನಿಗೆ ಆಗುವುದಿಲ್ಲ. ಇದಕ್ಕೆ ಜಾಬ್ ಉತ್ಪಾದನೆ ಎನ್ನುತ್ತಾರೆ. ಬೇಕರಿಯಲ್ಲಿ ಬೆಳಿಗ್ಗೆ ಬನ್ನಿನ ಟ್ರೇಗಳು ಒಲೆಗೆ ಹೋಗುತ್ತವೆ, ಅವು ಹೊರಬಂದ ಮೇಲೆ ಅದೇ ಒಲೆಗೆ ಬಿಸ್ಕತ್ತಿನ ಟ್ರೇಗಳು. ಇದು ಬ್ಯಾಚ್ ಉತ್ಪಾದನೆ. ಕಾರಿನ ಕಾರ್ಖಾನೆಯಲ್ಲಿ ಒಂದೇ ಬಗೆಯ ವಸ್ತು ಸಾಲಿನಲ್ಲಿ ಸಾಗುತ್ತಿದ್ದರೆ ಪ್ರತಿ ಕೆಲಸಗಾರ ತನ್ನ ಪಾಲಿನ ಒಂದು ಕೆಲಸ ಮಾಡುತ್ತಾನೆ. ತೈಲ ಸಂಸ್ಕರಣಾಗಾರದಲ್ಲಿ ಹಗಲು ರಾತ್ರಿ ನಿಲ್ಲದೆ ಹರಿಯುವುದು ನಿರಂತರ ಪ್ರಕ್ರಿಯೆ. ಇನ್ನು ಸೇತುವೆ ಕಟ್ಟುವುದು ಯೋಜನೆ. ಅಲ್ಲಿ ವಸ್ತು ಇದ್ದಲ್ಲೇ ಇರುತ್ತದೆ, ಜನರೂ ಯಂತ್ರಗಳೂ ಅದರ ಬಳಿಗೆ ಬರುತ್ತಾರೆ.

ಈ ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಲಭ. 1979ರಲ್ಲಿ ರಾಬರ್ಟ್ ಹೇಯ್ಸ್ ಮತ್ತು ಸ್ಟೀವನ್ ವೀಲ್‌ರೈಟ್ ಎಂಬ ಇಬ್ಬರು ಪ್ರಾಧ್ಯಾಪಕರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ವೈವಿಧ್ಯ ಹೆಚ್ಚಿದ್ದು ಸಂಖ್ಯೆ ಕಡಿಮೆ ಇದ್ದರೆ ಜಾಬ್ ಕಡೆಗೆ, ಸಂಖ್ಯೆ ಹೆಚ್ಚಿದ್ದು ವೈವಿಧ್ಯ ಕಡಿಮೆ ಇದ್ದರೆ ಸಾಲು ಅಥವಾ ನಿರಂತರ ಪ್ರಕ್ರಿಯೆಯ ಕಡೆಗೆ ಹೋಗಬೇಕು ಎಂಬುದು ಅದರ ಸಾರ. ಚೌಕಟ್ಟು ಒಳ್ಳೆಯದೇ. ಆದರೆ ಉತ್ತರಪತ್ರಿಕೆ ತಿದ್ದುವಾಗ ನಾನು ಗಮನಿಸಿದ್ದೇನೆ, ಹೆಚ್ಚಿನವರು ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಾರೆ: ‘ಆದ್ದರಿಂದ ಬೃಹತ್ ಉತ್ಪಾದನೆಯೇ ಉತ್ತಮ.’ ಆ ಸಾಲಿಗೆ ನಾನು ಅಂಕ ಕೊಡುವುದಿಲ್ಲ.

ಏಕೆಂದರೆ ಬೃಹತ್ ಉತ್ಪಾದನೆಗೆ ತನ್ನದೇ ಬೆಲೆಯಿದೆ. ಫೋರ್ಡ್ ಕಂಪನಿ 1908ರಲ್ಲಿ ಮಾಡೆಲ್ ಟಿ ಕಾರನ್ನು ತಂದಾಗ ಅದರ ಬೆಲೆ 850 ಡಾಲರ್ ಆಸುಪಾಸಿನಲ್ಲಿತ್ತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಬಂದ ಮೇಲೆ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1920ರ ದಶಕದಲ್ಲಿ ಕಾರಿನ ಬೆಲೆ 300 ಡಾಲರಿಗಿಂತ ಕೆಳಗೆ ಬಂತು. ಆದರೆ ಹಲವು ವರ್ಷ ಆ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. 1927ರಲ್ಲಿ ಹೊಸ ಮಾದರಿ ತರಬೇಕಾದಾಗ ಕಂಪನಿ ತಿಂಗಳುಗಟ್ಟಲೆ ಉತ್ಪಾದನೆ ನಿಲ್ಲಿಸಬೇಕಾಯಿತು. ಒಂದೇ ವಸ್ತುವಿಗೆಂದು ಕಟ್ಟಿದ ಸಾಲು ಬೇರೆ ವಸ್ತುವಿಗೆ ಸುಲಭವಾಗಿ ಬಗ್ಗುವುದಿಲ್ಲ. ಕಾರಿನ ವಿಷಯದಲ್ಲಿ ಇದನ್ನು ಸಹಿಸಿಕೊಳ್ಳಬಹುದು, ಗಿರಾಕಿ ಕಪ್ಪು ಬಣ್ಣಕ್ಕೆ ಹೊಂದಿಕೊಳ್ಳುತ್ತಾನೆ. ಮನುಷ್ಯನ ಕಾಲು ಹೀಗೆ ಹೊಂದಿಕೊಳ್ಳುವ ವಸ್ತುವಲ್ಲ.

ಈಗ ಜೈಪುರಕ್ಕೆ ಬರೋಣ. 1960ರ ದಶಕದಲ್ಲಿ ಅಲ್ಲಿನ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇಠಿ ಎಂಬ ಮೂಳೆ ಶಸ್ತ್ರವೈದ್ಯರಿದ್ದರು. ಅಪಘಾತದಲ್ಲೋ ರೋಗದಿಂದಲೋ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಹೊಂದಿಸಲಾಗುತ್ತಿತ್ತು. ವಿಚಿತ್ರವೆಂದರೆ ಹಾಕಿಸಿಕೊಂಡು ಹೋದವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ಅದನ್ನು ಮೂಲೆಗೆ ಎಸೆದು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಕಾಲು ಮುರಿದು ಹೋಗಿರಲಿಲ್ಲ, ಅದರ ತಯಾರಿಕೆಯಲ್ಲೂ ದೋಷ ಇರಲಿಲ್ಲ. ಹಾಗಾದರೆ ಏಕೆ?

ಆಗ ಬಳಕೆಯಲ್ಲಿದ್ದದ್ದು ಅಮೆರಿಕದಲ್ಲಿ ರೂಪುಗೊಂಡ ಸ್ಯಾಚ್ ಎಂಬ ಪಾದ. ಒಳಗೆ ಗಟ್ಟಿ ಮರ, ಹಿಮ್ಮಡಿಯಲ್ಲಿ ಮೆತ್ತೆ, ಮೇಲೆ ಶೂ. ಶೂ ಹಾಕಿ ಸಮತಟ್ಟಾದ ನೆಲದಲ್ಲಿ ನಡೆದು ಕುರ್ಚಿಯ ಮೇಲೆ ಕೂರುವವರಿಗೆ ಅದು ಸರಿಯಾಗಿಯೇ ಇತ್ತು. ಆದರೆ ಡಾ. ಸೇಠಿ ಅವರ ಬಳಿ ಬರುತ್ತಿದ್ದವರು ಹೊಲದ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲಬೇಕಿತ್ತು. ಶೂ ನೀರಿನಲ್ಲಿ ನೆನೆದು ಹಾಳಾಗುತ್ತಿತ್ತು, ಅದನ್ನು ಕೊಳ್ಳುವ ಶಕ್ತಿಯೂ ಎಲ್ಲರಿಗಿರಲಿಲ್ಲ. ಮನೆಯೊಳಗೆ, ಗುಡಿಯೊಳಗೆ, ಮಸೀದಿಯೊಳಗೆ ಶೂ ಬಿಚ್ಚಿ ಹೋಗಬೇಕು. ಊಟಕ್ಕೆ ನೆಲದ ಮೇಲೆ ಕಾಲು ಮಡಚಿ ಕೂರಬೇಕು. ಶೌಚಕ್ಕೆ ಕುಕ್ಕರಗಾಲಲ್ಲಿ ಕೂರಬೇಕು. ಕುಕ್ಕರಗಾಲಲ್ಲಿ ಕೂರುವಾಗ ನಿಮ್ಮ ಪಾದವನ್ನೇ ಒಮ್ಮೆ ನೋಡಿಕೊಳ್ಳಿ, ಕಣಕಾಲು ಎಷ್ಟು ಮುಂದಕ್ಕೆ ಬಾಗುತ್ತದೆ! ಗಟ್ಟಿ ಮರದ ಪಾದ ಅಷ್ಟು ಬಾಗದು.

ಉತ್ಪನ್ನ ವಿನ್ಯಾಸದ ಅಧ್ಯಾಯದಲ್ಲಿ ‘ಗ್ರಾಹಕರ ಅಗತ್ಯ ಗುರುತಿಸುವಿಕೆ’ ಎಂಬ ಒಂದು ಹಂತ ಬರುತ್ತದೆ. ಓದುವಾಗ ಒಣ ಮಾತು ಎನಿಸುತ್ತದೆ. ಮೂಲೆಯಲ್ಲಿ ಬಿದ್ದ ಕೃತಕ ಕಾಲನ್ನು ನೆನಪಿಟ್ಟುಕೊಂಡು ಆ ಹಂತವನ್ನು ಮತ್ತೊಮ್ಮೆ ಓದಿ. ಅಗತ್ಯ ಗುರುತಿಸುವುದು ಎಂದರೆ ಗಿರಾಕಿ ದಿನವಿಡೀ ಎಲ್ಲಿ ನಿಲ್ಲುತ್ತಾನೆ, ಹೇಗೆ ಕೂರುತ್ತಾನೆ, ಎಷ್ಟು ಕೊಡಬಲ್ಲ ಎಂದು ನೋಡುವುದು.

ಡಾ. ಸೇಠಿ ಅವರಿಗೆ ಇದರಲ್ಲಿ ಜೊತೆಯಾದವರು ಅದೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕರಕುಶಲ ಕಲಿಸುತ್ತಿದ್ದ ರಾಮಚಂದ್ರ ಶರ್ಮಾ. ಶಾಲೆಯಲ್ಲಿ ಹೆಚ್ಚು ಓದಿದವರಲ್ಲ, ಆದರೆ ಕೈಯಲ್ಲಿ ಅಪಾರ ವಿದ್ಯೆ ಇದ್ದವರು. ಹಳೆಯ ಟಯರಿಗೆ ಹೊಸ ರಬ್ಬರು ಹಾಕಿ ಅಚ್ಚಿನಲ್ಲಿ ಬೇಯಿಸುವ ಅಂಗಡಿಯನ್ನು ಕಂಡು ಅವರಿಗೆ ಈ ಉಪಾಯ ಹೊಳೆಯಿತು ಎಂದು ಹೇಳುತ್ತಾರೆ. ಇಲ್ಲೇ ನಮ್ಮ ಪಾಠದ ಮುಖ್ಯ ತಿರುವು ಇದೆ. ಅವರು ಮೊದಲು ವಿನ್ಯಾಸ ಮುಗಿಸಿ ಆಮೇಲೆ ಪ್ರಕ್ರಿಯೆ ಹುಡುಕಲಿಲ್ಲ. ಊರಿನಲ್ಲಿ ಆಗಲೇ ಇದ್ದ ಒಂದು ಪ್ರಕ್ರಿಯೆಯೇ ವಿನ್ಯಾಸಕ್ಕೆ ದಾರಿ ತೋರಿಸಿತು. ಹಲವು ಪ್ರಯೋಗಗಳ ನಂತರ 1960ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡ ಪಾದದಲ್ಲಿ ಮುಂಭಾಗಕ್ಕೂ ಹಿಮ್ಮಡಿಗೂ ಸ್ಪಂಜಿನಂಥ ರಬ್ಬರು, ಕಣಕಾಲಿಗೆ ಮರದ ತುಂಡು. ಇವನ್ನು ಟಯರಿಗೆ ಬಳಸುವ ನೂಲಿನ ಪಟ್ಟಿಯಿಂದ ಬಿಗಿದು, ಮೇಲೆ ಚರ್ಮದ ಬಣ್ಣದ ರಬ್ಬರು ಹೊದಿಸಿ, ಪಾದದ ಆಕಾರದ ಲೋಹದ ಅಚ್ಚಿನಲ್ಲಿಟ್ಟು ಬಿಸಿಯಲ್ಲಿ ಬೇಯಿಸುತ್ತಾರೆ. ಹೊರಬರುವುದು ಬೆರಳುಗಳಿರುವ, ನೀರು ತಾಗಿದರೂ ಕೆಡದ, ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಬಾಗುವ, ಶೂ ಬೇಡದ ಪಾದ.

ಪಾದಕ್ಕೆ ಅಚ್ಚು ಇದೆ ಎಂದ ಮೇಲೆ ಅದು ಬ್ಯಾಚ್ ಉತ್ಪಾದನೆ. ಸೈಜುವಾರು, ಎಡ ಮತ್ತು ಬಲ ಎಂದು ಮೊದಲೇ ಮಾಡಿ ಚಪ್ಪಲಿ ಅಂಗಡಿಯಲ್ಲಿ ಜೋಡಿಸಿದಂತೆ ಇಡಬಹುದು. ತರಗತಿಯಲ್ಲಿ ಇಷ್ಟು ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: ‘ಸರ್, ಹಾಗಾದರೆ ಕಾಲನ್ನೂ ಹಾಗೇ ಮಾಡಬಹುದಲ್ಲ? ರೆಡಿಮೇಡ್ ಯೂನಿಫಾರ್ಮ್ ಥರ ಸ್ಮಾಲ್, ಮೀಡಿಯಂ, ಲಾರ್ಜ್?’

ಇಷ್ಟು ಒಳ್ಳೆಯ ಪ್ರಶ್ನೆ ಆ ವರ್ಷ ಆ ತರಗತಿಯಲ್ಲಿ ಬೇರೆ ಬಂದಿರಲಿಲ್ಲ. ಉತ್ತರ, ಆಗುವುದಿಲ್ಲ. ಕತ್ತರಿಸಿದ ನಂತರ ಉಳಿದ ಕಾಲಿನ ತುದಿ ಒಬ್ಬರದ್ದು ಇನ್ನೊಬ್ಬರಂತಿರುವುದಿಲ್ಲ. ಅದು ಕೂರುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಎನ್ನುತ್ತಾರೆ. ಇಡೀ ದೇಹದ ಭಾರ ಅದರ ಮೂಲಕವೇ ಇಳಿಯುತ್ತದೆ. ಯೂನಿಫಾರ್ಮ್ ಸ್ವಲ್ಪ ದೊಗಲೆಯಾದರೆ ಗೆಳತಿಯರು ನಗುತ್ತಾರೆ, ಅಷ್ಟೇ. ಸಾಕೆಟ್ ಸ್ವಲ್ಪ ತಪ್ಪಿದರೆ ಚರ್ಮ ಉಜ್ಜಿ ಗಾಯವಾಗುತ್ತದೆ, ಆ ಕಾಲೂ ಮೂಲೆ ಸೇರುತ್ತದೆ. ಆದ್ದರಿಂದ ಸಾಕೆಟ್ಟನ್ನು ಶೇರ್ವಾನಿಯಂತೆ ಅಳತೆಗೇ ಮಾಡಬೇಕು. ಕಾಲಿನ ತುದಿಗೆ ಪ್ಲಾಸ್ಟರ್ ಸುತ್ತಿ ಅದರ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಕಾಲಿನದೇ ಒಂದು ಪ್ಲಾಸ್ಟರ್ ಪ್ರತಿರೂಪ ಮಾಡುತ್ತಾರೆ. ಒಲೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿದ ಎಚ್‌ಡಿಪಿಇ ಪೈಪನ್ನು ಅದರ ಮೇಲೆ ಎಳೆದು ಹೊಂದಿಸುತ್ತಾರೆ. ಹೌದು, ನೀರು ಸಾಗಿಸುವ ಪೈಪಿನಂಥದ್ದೇ ಪೈಪು! ಹಿಂದೆ ಇದೇ ಕೆಲಸವನ್ನು ಅಲ್ಯೂಮಿನಿಯಂ ತಗಡು ಬಡಿದು ಮಾಡುತ್ತಿದ್ದರು.

ಹೀಗೆ ಒಂದೇ ಉತ್ಪನ್ನದಲ್ಲಿ ಎರಡು ಪ್ರಕ್ರಿಯೆ. ಕೆಳಗಿನ ಪಾದ ಬ್ಯಾಚ್, ಮೇಲಿನ ಸಾಕೆಟ್ ಜಾಬ್. ಎಲ್ಲರಿಗೂ ಸಮಾನವಾದದ್ದನ್ನು ಮೊದಲೇ ಒಟ್ಟಾಗಿ ಮಾಡಿಟ್ಟುಕೊಂಡು, ಒಬ್ಬರಿಂದ ಒಬ್ಬರಿಗೆ ಬದಲಾಗುವುದನ್ನು ಗಿರಾಕಿ ಎದುರಿಗೆ ಬಂದ ಮೇಲೆ ಮಾಡುವುದು. ಎಲ್ಲಿ ಗೆರೆ ಎಳೆಯಬೇಕು ಎಂಬ ತೀರ್ಮಾನವೇ ಇಲ್ಲಿನ ಜಾಣ್ಮೆ. ಎಲ್ಲವನ್ನೂ ಅಳತೆಗೆ ಮಾಡಿದರೆ ಸಮಯವೂ ಖರ್ಚೂ ಏರುತ್ತದೆ, ಎಲ್ಲವನ್ನೂ ಅಚ್ಚಿನಲ್ಲಿ ಮಾಡಿದರೆ ಗಾಯವಾಗುತ್ತದೆ.

ಸಮಯದ ಮಾತು ಬಂತು. ಪುಸ್ತಕಗಳು ಉತ್ಪಾದನಾ ಅವಧಿಯನ್ನು ಕಂಪನಿಯ ಲೆಕ್ಕದಲ್ಲಿ ಹೇಳುತ್ತವೆ. ಇಲ್ಲಿ ಅದನ್ನು ರೋಗಿಯ ಲೆಕ್ಕದಲ್ಲಿ ನೋಡಿ. ದಿನಗೂಲಿ ಮಾಡುವವನು ದೂರದ ಹಳ್ಳಿಯಿಂದ ಹೆಂಡತಿಯನ್ನೋ ಮಗನನ್ನೋ ಕರೆದುಕೊಂಡು ಬರುತ್ತಾನೆ. ಇವತ್ತು ಅಳತೆ, ಹದಿನೈದು ದಿನ ಬಿಟ್ಟು ಬಾ, ಆಮೇಲೆ ಇನ್ನೊಮ್ಮೆ ಬಾ ಎಂದರೆ ಇಬ್ಬರ ಕೂಲಿ ಹೋಗುತ್ತದೆ, ಬಸ್ಸಿನ ಹಣ ಹೋಗುತ್ತದೆ, ಎರಡನೇ ಸಲ ಅವನು ಬರದೆಯೂ ಇರಬಹುದು. 1975ರಲ್ಲಿ ಡಿ. ಆರ್. ಮೆಹ್ತಾ ಅವರು ಜೈಪುರದಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಕಾಲನ್ನು ಉಚಿತವಾಗಿ ಕೊಡುತ್ತಾ ಬಂದಿದೆ. ಸಾಮಾನ್ಯವಾಗಿ ಬಂದವರಿಗೆ ಒಂದೇ ದಿನದಲ್ಲಿ ಕಾಲು ಹೊಂದಿಸಿ ಕಳುಹಿಸುವುದು ಅಲ್ಲಿನ ಕ್ರಮ. ಪಾದ ಮೊದಲೇ ಸಿದ್ಧವಿರುವುದರಿಂದ, ಸಾಕೆಟ್ಟಿಗೆ ಬೇಕಾದದ್ದು ಪ್ಲಾಸ್ಟರು, ಒಲೆ, ಪೈಪು ಮತ್ತು ನುರಿತ ಕೈ ಮಾತ್ರ ಆಗಿರುವುದರಿಂದ ಇದು ಸಾಧ್ಯವಾಯಿತು. ಇದೇ ಕಾರಣಕ್ಕೆ ಸಾಮಾನು ಗಾಡಿಗೆ ಹೇರಿಕೊಂಡು ಊರೂರಿಗೆ, ದೇಶದೇಶಕ್ಕೆ ಹೋಗಿ ಶಿಬಿರ ನಡೆಸಲೂ ಆಯಿತು. ನೆಲಬಾಂಬುಗಳಿಂದ ಕಾಲು ಕಳೆದುಕೊಂಡ ಅಫ್ಘಾನಿಸ್ತಾನದ ಜನರಿಗೂ ಈ ಪಾದ ತಲುಪಿತು. ನಟಿ ಹಾಗೂ ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್ ಅಪಘಾತದ ನಂತರ ಮತ್ತೆ ವೇದಿಕೆ ಏರಿದ್ದು ಇದನ್ನೇ ಧರಿಸಿ. ಡಾ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಾಮಚಂದ್ರ ಶರ್ಮಾ ಅವರ ಹೆಸರು ಅಷ್ಟಾಗಿ ಯಾರಿಗೂ ಗೊತ್ತಾಗಲಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಎಲ್ಲವೂ ಸರಿಯಾಗಿದೆ ಎಂದು ತಿಳಿಯಬೇಡಿ. ಈ ಪಾದಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದರಿಂದ ಯಾರು ಬೇಕಾದರೂ ಮಾಡಬಹುದಾಯಿತು, ಬಡವರಿಗೆ ಬೇಗ ತಲುಪಿತು. ಆದರೆ ಪದರ ಪದರವಾಗಿ ಕೈಯಿಂದ ಜೋಡಿಸುವ ವಸ್ತುವಿನ ಗುಣಮಟ್ಟ ಮಾಡುವವರ ಕೈಯ ಮೇಲೆ ನಿಂತಿರುತ್ತದೆ. ಒಂದು ಕಡೆ ಮಾಡಿದ್ದು ಇನ್ನೊಂದು ಕಡೆ ಮಾಡಿದಂತೆ ಬಾಳಿಕೆ ಬರುತ್ತದೆಂಬ ಖಾತರಿ ಇಲ್ಲ. ರಬ್ಬರಿನ ಪಾದ ಭಾರ ಎಂಬ ದೂರೂ ಇದೆ. ಪಾಲಿಯುರೆಥೇನ್‌ನಿಂದ ಹಗುರ ಪಾದ ಮಾಡುವ ಪ್ರಯತ್ನದಲ್ಲಿ ಇಸ್ರೋ ಕೂಡ ಕೈಜೋಡಿಸಿತು. ಅಚ್ಚಿಗೆ ಸುರಿದು ಮಾಡುವ ವಸ್ತುವಾದರೆ ಕೈಕೆಲಸದ ಹಂತಗಳು ಕಡಿಮೆಯಾಗುತ್ತವೆ, ಒಂದು ಇನ್ನೊಂದರಂತೆ ಬರುತ್ತದೆ. ಆದರೆ ಅದಕ್ಕೆ ಬೇರೆ ಯಂತ್ರ ಬೇಕು, ಟಯರ್ ಅಂಗಡಿಯ ಕೌಶಲ ಸಾಲದು. ವಸ್ತು ಬದಲಾಯಿಸಿದೊಡನೆ ಪ್ರಕ್ರಿಯೆ ಬದಲಾಗುತ್ತದೆ, ಪ್ರಕ್ರಿಯೆ ಬದಲಾದರೆ ಅದನ್ನು ಯಾರು, ಎಲ್ಲಿ, ಎಷ್ಟು ಖರ್ಚಿನಲ್ಲಿ ಮಾಡಬಲ್ಲರು ಎಂಬುದೂ ಬದಲಾಗುತ್ತದೆ.

ಈಗ ನಿಮ್ಮ ಕೆಲಸ. ನಮ್ಮ ಕಾಲೇಜಿನಲ್ಲಿ ಕನ್ನಡಕ ಹಾಕುವವರು ಕಡಿಮೆಯೇನಿಲ್ಲ. ಒಂದು ಕನ್ನಡಕವನ್ನು ಕೈಯಲ್ಲಿ ಹಿಡಿದು ನೋಡಿ. ಫ್ರೇಮು, ಗಾಜು, ಮೂಗಿನ ಮೇಲೆ ಕೂರುವ ಪುಟ್ಟ ಮೆತ್ತೆ, ಸ್ಕ್ರೂ, ಇವುಗಳಲ್ಲಿ ಯಾವುದನ್ನು ಮೊದಲೇ ಮಾಡಿಟ್ಟಿರುತ್ತಾರೆ, ಯಾವುದನ್ನು ನಿಮ್ಮ ಚೀಟಿ ನೋಡಿದ ಮೇಲೆ ಮಾಡುತ್ತಾರೆ? ಅಂಗಡಿಯವರು ‘ನಾಳೆ ಬನ್ನಿ’ ಎಂದದ್ದು ಯಾವ ಭಾಗಕ್ಕಾಗಿ? ಅದೇ ದಿನ ಕೊಡಬೇಕಾದರೆ ಅವರು ಏನನ್ನು ಬದಲಾಯಿಸಬೇಕಾಗುತ್ತದೆ? ಸಾಧ್ಯವಾದರೆ ಅಂಗಡಿಯವರನ್ನೇ ಕೇಳಿ. ಒಂದು ಪುಟಕ್ಕೆ ಮೀರದಂತೆ ಬರೆದು ವಾಣಿಜ್ಯ ವಿಭಾಗದ ಕೊಠಡಿಯಲ್ಲಿ ಕೊಡಿ. ಒಳ್ಳೆಯ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ.